ನಾಲ್ಕನೇ ಪುಟದ ಕಣ್ಣು

ಮಾರ್ಚ್‌ನಿಂದ ಫೋನೇ ಬಂದಿಲ್ಲ, ಅಂದಳು ಹೆಡ್ವಿಗ್,
ಜನ ಕಣ್ಣು ಕಳೆದುಕೊಳ್ಳುವುದನ್ನು ನಿಲ್ಲಿಸಿದ್ದಾರೇನೋ.
ಒಳ್ಳೆಯದೇ ಅಲ್ಲವೆ?
ಅಂದು, ನಗಲಿಲ್ಲ.

ಲೌಷಾದ ಇಳಿಜಾರಿನಲ್ಲಿ, ಸ್ಲೇಟು ಹೊದ್ದ ಮನೆಯ ಕೆಳಗೆ
ಅವಳ ಅನಿಲದ ಉರಿ, ಊದುವ ಕೊಳವೆ, ಮರದ ಖಾನೆಗಳು.
ಒಂದೊಂದರಲ್ಲೂ ಹತ್ತಿಯ ಮೇಲೆ ಮಲಗಿದ ಕಣ್ಣು:
ಬೂದು, ಜೇನು, ಕೊಳದ ಪಾಚಿ, ತಣ್ಣಗಾದ ಚಹಾ.
ಅಷ್ಟೂ ನನ್ನನ್ನೇ ನೋಡುತ್ತಿದ್ದವು.
ನಾನು ಎರ್ಫುರ್ಟಿನಿಂದ ಎರಡು ರೈಲು ಬದಲಿಸಿ ಬಂದ
ಸೈಟು ರಿಪೇರಿಯವನು.

ಹಳೇ ಸೈಟು ತೀರಿಕೊಂಡ ಗಂಡ ಕಟ್ಟಿದ್ದು.
ಅಂದಗೇಡಿ; ಹಸಿರು ಅಕ್ಷರ, ಮಿನುಗುವ ಗಂಟೆ.
ಆದರೂ 'ಗಾಜಿನ ಕಣ್ಣು' ಎಂದು ಯಾರು ಎಲ್ಲಿಂದ ಕೇಳಿದರೂ
ಹನ್ನೆರಡು ವರ್ಷ ಎರಡನೆಯ ಹೆಸರು ಇವಳದೇ.
ಮಾರ್ಚ್‌ನಲ್ಲಿ ತಂಗಿಯ ಮಗ ಟೋರ್ಬೆನ್
ಹೊಸದು ಮಾಡಿಕೊಟ್ಟ, ಬಿಳಿ ಬಿಳಿ, ಆಸ್ಪತ್ರೆಯ ಹಾಗೆ.
ಎರಡು ಮೂವತ್ತಾಯಿತು,
ಮೂವತ್ತು ತೊಂಬತ್ತು,
ಆಮೇಲೆ ಎಣಿಸಲು ಏನೂ ಇರಲಿಲ್ಲ.

ಗಾಬರಿಬಿದ್ದವರ ಮನೆಗೆ ಬರುವವರು ಬಂದೇ ಬರುತ್ತಾರೆ.
ವಾರದಲ್ಲಿ ಮೊದಲ ಸ್ಥಾನ ಎಂದು ಒಬ್ಬ
ಆರುನೂರು ಯೂರೋ ಇಸಿದುಕೊಂಡು
ಜೂಜುಕಟ್ಟೆಗಳಿಂದ, ತೂಕ ಇಳಿಸುವ ಗುಳಿಗೆಗಳಿಂದ
ನಾಲ್ಕು ಸಾವಿರ ಲಿಂಕು ತಂದು ಸುರಿದ.
ಗುಡಿಸಲು ನನಗೆ ಎರಡು ದಿನ ಹಿಡಿಯಿತು.
ದುಡ್ಡಿಗೆ ಬಂದ ಸಾಕ್ಷಿಯನ್ನು ಯಂತ್ರವೂ ನಂಬುವುದಿಲ್ಲ.

ನಿಜವಾದ ರೋಗ ಸಿಕ್ಕಿದ್ದು ಮೂರನೇ ಸಂಜೆ,
ಪುಟದ ನೆತ್ತಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ.
ಒಂದೇ ಸಾಲು. ನೋಇಂಡೆಕ್ಸ್.
ಕಟ್ಟುವಾಗ ಟೋರ್ಬೆನ್ ಇಳಿಬಿಟ್ಟಿದ್ದ ಪರದೆ,
ಮುಗಿದ ಮೇಲೆ ತೆಗೆಯಲು ಮರೆತಿದ್ದ.
ನನ್ನನ್ನು ಬರೆದುಕೊಳ್ಳಬೇಡ, ಎಂದು
ಬಂದ ಬಾಟಿಗೆಲ್ಲ ಪುಟ ತಾನೇ ಹೇಳುತ್ತಿತ್ತು.
ಅದೋ, ಬಲು ಮರ್ಯಾದೆಯ ಪ್ರಾಣಿ.
ಆಗಲಿ ಎಂದು ಹೆಸರು ಹೊಡೆದುಹಾಕಿ ಹೋಯಿತು.
ಯಾರೂ ಅವಳನ್ನು ದೂಡಿರಲಿಲ್ಲ.

ಹೇಳಿದೆ. ಬಹಳ ಹೊತ್ತು ಆ ಸಾಲನ್ನೇ ನೋಡಿದಳು.
ಹುಡುಗನಿಗೆ ಹೇಳಬೇಡ, ಅಂದಳು,
ಮುಂದಿನ ವಾರ ಅವನ ಪರೀಕ್ಷೆ.

ಸಾಲು ಅಳಿಸಿದೆ. ಹಳೇ ವಿಳಾಸ ಒಂದೊಂದಕ್ಕೂ
ಹೊಸ ಮನೆಯ ದಾರಿ ಬರೆದೆ,
ನೂರಾ ನಲವತ್ತೊಂದು ಮುರಿದ ಬಾಗಿಲು.
ಟೋರ್ಬೆನ್ ಕಿತ್ತೆಸೆದಿದ್ದ ಗಂಡನ ಟಿಪ್ಪಣಿಯೊಂದು
ಹಳೇ ಬ್ಯಾಕಪ್ಪಿನಲ್ಲಿ ಸಿಕ್ಕಿತು, ಮರಳಿ ಇಟ್ಟೆ:
'ಮಗು ಗಾಜಿನ ಕಣ್ಣು ಬೀಳಿಸಿದರೆ ಬೈಯಬೇಡಿ.
ಮೊದಲು ಚೂರು ಹೆಕ್ಕಿ. ಆಮೇಲೆ ಫೋನ್ ಮಾಡಿ.'
ಅರ್ಜಿ ಹಾಕಿ ಕೂತೆವು.
ಈ ಅರ್ಜಿಗೆ ಉತ್ತರ ಎಂಬುದಿಲ್ಲ.
ಬಂದರೆ ಬಂತು.

ಹತ್ತೊಂಬತ್ತನೇ ರಾತ್ರಿ, ಮೂರು ಗಂಟೆ ಹದಿನಾಲ್ಕಕ್ಕೆ,
ಸರ್ವರಿನ ಲಾಗಿನಲ್ಲಿ ಹೆಜ್ಜೆ.
ಒಂದು ಪುಟ. ನಲವತ್ತು ಸೆಕೆಂಡು ಬಿಟ್ಟು ಇನ್ನೊಂದು.
ಬೆಳಗಿನ ಹೊತ್ತಿಗೆ ಹದಿನೇಳು.
ಹಿಮದ ಮೇಲೆ ನರಿಯ ಗುರುತು ಎಣಿಸುವವನ ಹಾಗೆ ಎಣಿಸಿದೆ.

ಹೆಸರು ಮರಳಿತು. ಮೂವತ್ತಾರನೆಯದು. ನಾಲ್ಕನೇ ಪುಟ.
ಅಲ್ಲಿಯವರೆಗೆ ಯಾರೂ ಹೋಗುವುದಿಲ್ಲ, ಅಂದೆ,
ಇನ್ನೂ ಸ್ವಲ್ಪ ತಡೆಯಿರಿ.

ಮಂಗಳವಾರ ಫೋನು. ಕಾಸೆಲ್ಲಿನಿಂದ ಒಬ್ಬ ಅಪ್ಪ.
ಮಗಳಿಗೆ ಆರು ವರ್ಷ. ನಿದ್ದೆಯಿಲ್ಲದೆ ಹುಡುಕುತ್ತ ಹುಡುಕುತ್ತ
ಚೂರು ಹೆಕ್ಕುವ ಮಾತು ಓದಿ ನಿಂತನಂತೆ.
ಎಷ್ಟನೇ ಪುಟ ಅಂತ ಕೇಳಿ, ಎಂದು
ನಾನು ಪಕ್ಕದಿಂದ ಪಿಸುಗುಟ್ಟಿದೆ.
ಎಣಿಸಲಿಲ್ಲ, ಅಂದ.

ಈಗ ಹನ್ನೊಂದು. ಎರಡಕ್ಕೆ ಏರುವುದೋ ಇಲ್ಲವೋ,
ಬಿಲ್ಲಿನಲ್ಲಿ ನಾನು ಭರವಸೆ ಬರೆದಿಲ್ಲ.
ಹೊರಡುವ ದಿನ ಕಿಟಕಿಯ ಬಳಿ ಆ ಹುಡುಗಿ,
ಕಾಲು ನೆಲಕ್ಕೆ ಎಟುಕದೆ ಕೂತಿದ್ದಳು.
ಹೆಡ್ವಿಗ್ ಅವಳ ಇರುವ ಕಣ್ಣನ್ನು ನೋಡಿ ನೋಡಿ
ಬಿಸಿ ಬಿಳಿ ಗೋಲಿಯ ಮೇಲೆ
ಕೂದಲಿನಂಥ ಕೆಂಪು ಗಾಜಿನೆಳೆ ಎಳೆಯುತ್ತಿದ್ದಳು.
ಅಲ್ಲಾಡಬೇಡ, ನನ್ನನ್ನೇ ನೋಡು.
ಹುಡುಗಿ ನೋಡಿದಳು, ರೆಪ್ಪೆ ಬಡಿಯದೆ,
ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು.
ಆ ನಗು ಹೆಡ್ವಿಗ್‌ಗೂ ತಾಗಿ ಎಳೆ ಸೊಟ್ಟಗಾಯಿತು.
ಇರಲಿ, ಅಂದಳು,
ನಿಜವಾದವೂ ಹಾಗೇ ಇರುತ್ತವೆ.