ಏಳನೇ ಅಧ್ಯಾಯದ ತಪ್ಪು

ರೂವಿಯ ಈ ಔಷಧಿ ಅಂಗಡಿಯಲ್ಲಿ ರಾತ್ರಿ ಪಾಳಿ ನನ್ನದು.
ಹತ್ತೂವರೆಯ ಮೇಲೆ ಬರುತ್ತಾರೆ ಅವರು,
ಅಮ್ಮಂದಿರಿಲ್ಲದ ಹೊತ್ತು ನೋಡಿ.
ಮೂಗಿನ ತುದಿಯ ಒಂದೇ ಮೊಡವೆಗೆ
ಮೂರು ಬಗೆಯ ಮುಲಾಮಿನ ಬೆಲೆ ಕೇಳಿ,
ಬೈಸಾ ಎಣಿಸಿ, ಕಡಿಮೆಯದನ್ನು ಕೊಂಡು
ನನ್ನ ಮುಖ ನೋಡದೆ ಹೋಗುತ್ತಾರೆ.

ಅವರು ಹೋದ ಮೇಲೆ, ಬಿಲ್ಲಿನ ಸುರುಳಿಯ ಹಿಂಬದಿಯಲ್ಲಿ
ಅವರಿಗೆಂದೇ ಬರೆದೆ ಮೂರು ವರ್ಷ,
ಒಂದು ಕಾದಂಬರಿ, ನೂರ ಹನ್ನೆರಡು ಪುಟ.

"ಈ ಪ್ರಾಯದವರಿಗಾ?" ಎಂದರು ಪುತ್ತೂರಿನ ಪ್ರಕಾಶಕರು.
"ಸಣ್ಣವರಿಗೆ ಬರೆಯಿರಿ ಮೇಡಂ,
ಆನೆ, ಮೊಲ ಹಾಕಿದರೆ ಶಾಲೆಯವರು ಕೊಳ್ಳುತ್ತಾರೆ.
ದೊಡ್ಡವರಿಗೆ ಬರೆಯಿರಿ, ಯಾರಾದರೂ ಬೈಯುವುದಾದರೂ ಬೈಯುತ್ತಾರೆ.
ಇದು ನಡುವಿನದ್ದು. ಇದಕ್ಕೆ ನಮ್ಮಲ್ಲಿ ಕಪಾಟೇ ಇಲ್ಲ."
ಕಪಾಟಿಲ್ಲದ ಪುಸ್ತಕ, ಮುನ್ನೂರು ಪ್ರತಿ.
ದುಡ್ಡು ನನ್ನದೇ.

ಬರುವಾಗ ಮೂವತ್ತು ಕಿಲೋದ ಲೆಕ್ಕ.
ಕುಚ್ಚಲಕ್ಕಿ ಇಳಿಸಿ, ಹಪ್ಪಳ ಇಳಿಸಿ
ನಲವತ್ತು ಪ್ರತಿ ತುರುಕಿ ತಂದೆ ಮಸ್ಕತ್ತಿಗೆ.
ಗಂಡ ಏನೂ ಅನ್ನಲಿಲ್ಲ. ಒಂದು ತಿಂಗಳು
ಬೆಳ್ತಿಗೆ ಅನ್ನ ಉಣ್ಣುವಾಗಲೆಲ್ಲ
ನನ್ನನ್ನೊಮ್ಮೆ ನೋಡಿದರು, ಅಷ್ಟೆ.

ನಾನೂ ಕೇಳಿಕೊಂಡಿದ್ದೇನೆ:
ಮೊಡವೆ ತಾನಾಗಿ ಮಾಯುತ್ತದೆ, ಹಚ್ಚಿದರೂ ಹಚ್ಚದಿದ್ದರೂ.
ಆ ಪ್ರಾಯವೂ ಹಾಗೇ. ದಾಟಿಹೋಗುವವರಿಗೆ
ಯಾಕೆ ಒಂದು ಪುಸ್ತಕ?
ಆದರೂ ಮುಲಾಮು ಮಾರುತ್ತೇನಲ್ಲ.

ಮೂವತ್ತೆಂಟು ಮಂಚದಡಿ ಇವೆ.
ಒಂದನ್ನು ಪರಿಚಯದವರ ಮಗ ಮಾನಿಟರಿನ ಅಡಿಗಿಟ್ಟ,
ಎತ್ತರ ಸರಿಯಾಯಿತಂತೆ.
ಇನ್ನೊಂದನ್ನು ಶಾಲಾ ವ್ಯಾನಿನ ಹಸನಬ್ಬಾಕ ಒಯ್ದರು,
ಮಕ್ಕಳು ಬಿಡುವ ತನಕ ಕಾಯಲಿಕ್ಕೆ ಏನಾದರೂ ಬೇಕೆಂದು.
ಐವತ್ತೆಂಟು ವರ್ಷದ ಓದುಗ! ನಕ್ಕಿದ್ದೆ ನಾನು.

ವಾದಿ ಕಬೀರಿನ ಶಾಲೆಯ ಹೊರಗೆ
ಬೋಳುಗುಡ್ಡಗಳು ಕಾದ ಕಾವಲಿಯಾಗುವ ಮಧ್ಯಾಹ್ನ,
ಸ್ಟೀರಿಂಗಿಗೆ ಪುಸ್ತಕ ಆನಿಸಿ
ಗಟ್ಟಿಯಾಗಿಯೇ ಓದುತ್ತಾರಂತೆ,
ಐದನೇ ಕ್ಲಾಸಿಗೆ ಬಿಟ್ಟವರ ಓದು ಹಾಗೇ.
ಎಲ್ಲರಿಗಿಂತ ಮೊದಲು ಬಂದು ಹತ್ತುವವಳು ಮೇದಿನಿ.
ಹತ್ತನೇ ತರಗತಿ, ಕುಂದಾಪುರದ ಕಡೆಯವಳು,
ಮಾತು ಬರುತ್ತದೆ, ಅಕ್ಷರ ಬಾರದು.
ಮೊದಲು ಒಂದು ಕಿವಿಯ ಇಯರ್‌ಫೋನ್ ತೆಗೆದಳು.
ಆಮೇಲೆ ಇನ್ನೊಂದು.
ಆಮೇಲೆ "ಆಮೇಲೆ?" ಅಂದಳು.

ದಿನಕ್ಕೆ ಎರಡು ಪುಟ, ವ್ಯಾನು ತುಂಬುವ ತನಕ.

ಮೊನ್ನೆ ಅಂಗಡಿಗೆ ಬಂದಳು. ಮುಲಾಮಿಗಲ್ಲ.
"ನೀವಾ ಬರ್ದದ್ದು?"
ಹೌದೆಂದೆ, ರಿಸಲ್ಟಿನ ದಿನ ಬೋರ್ಡಿನೆದುರು ನಿಂತವಳ ಹಾಗೆ.
"ಏಳನೇ ಅಧ್ಯಾಯ ಸುಳ್ಳು ಆಂಟಿ."
ಅಲ್ಲಿ ಹುಡುಗ ಅಂಕಪಟ್ಟಿ ಮಡಚಿ
ಎಸಿಯ ಕಿಂಡಿಯೊಳಗೆ ಬಚ್ಚಿಡುತ್ತಾನೆ,
ಮೂರು ತಿಂಗಳು ಯಾರಿಗೂ ಸಿಗುವುದಿಲ್ಲ.
"ಗಾಳಿಗೆ ಪಟಪಟ ಅಂತದೆ ಅದು, ರಾತ್ರಿ ಇಡೀ.
ಎರಡೇ ದಿನಕ್ಕೆ ಅಪ್ಪ ಸ್ಟೂಲು ತರ್ತಾರೆ."

ನಿನಗೆ ಹೇಗೆ ಗೊತ್ತು, ನಾನು ಕೇಳಲಿಲ್ಲ.
ಅವಳೂ ಹೇಳಲಿಲ್ಲ. ಕೌಂಟರಿನ ಮೇಲಿನ
ಕೆಮ್ಮಿನ ಗುಳಿಗೆಯ ಡಬ್ಬ ತಿರುಗಿಸಿದಳು, ತಿರುಗಿಸಿದಳು.
ನಮ್ಮಿಬ್ಬರ ತಲೆಯ ಮೇಲೆ ಎಸಿ ಗುಂಯ್ ಅನ್ನುತ್ತಿತ್ತು.

"ಹಾಗಾದರೆ ಎಲ್ಲಿ ಇಡಬೇಕಿತ್ತು?"
"ಯಾರು, ಅವನಾ?"
"ಅವನೇ."
"ಅಕ್ಕಿ ಡಬ್ಬದ ಅಡಿ. ಅದನ್ನ ಎತ್ತೋದು ಅಮ್ಮ ಒಬ್ರೇ.
ಅಮ್ಮಂಗ್ ಸಿಕ್ರೆ ಅಡ್ಡಿಲ್ಲ."

ಎರಡನೇ ಮುದ್ರಣ ಇಲ್ಲ, ಆಗುವುದೂ ಇಲ್ಲ.
ಮಂಚದಡಿಯಿಂದ ಮೂವತ್ತೆಂಟನ್ನೂ ಎಳೆದು
ಎಪ್ಪತ್ತೊಂದನೇ ಪುಟ ತೆರೆತೆರೆದು
ಪೆನ್ಸಿಲಿನಲ್ಲಿ ತಿದ್ದುತ್ತ ಕೂತಿದ್ದೇನೆ.
ಹದಿನಾಲ್ಕು ಆಯಿತು.
ಬಾಗಿಲಲ್ಲಿ ನಿಂತು ಗಂಡ ಕೇಳುತ್ತಾರೆ,
"ಇದರಿಂದ ಏನಾದರೂ ಉಪಯೋಗ ಉಂಟಾ?"
ಗೊತ್ತಿಲ್ಲ ಮಾರಾಯ್ರೆ.
ಹಸನಬ್ಬಾಕನ ಫೋನು ಬಂದಿತ್ತು,
ನಾಳೆ ಎಂಟನೇ ಅಧ್ಯಾಯವಂತೆ:
"ಅದರಲ್ಲೂ ತಪ್ಪುಂಟಾದರೆ ಈಗಲೇ ಹೇಳಿಬಿಡಿ,
ಆ ಹುಡುಗಿ ನನ್ನನ್ನು ಹಿಡಿದು ಕೇಳ್ತಾಳೆ."