ಜುಂಬೇರನ ಅಕ್ಕನ ಮಗಳು

ತ್ಬಿಲಿಸಿಯ ನಮ್ಮ ಕಟ್ಟಡದ ಲಿಫ್ಟಿಗೆ
ಹತ್ತು ತೇತ್ರಿ ನಾಣ್ಯ ನುಂಗದೆ ಮೇಲೇಳುವ ಅಭ್ಯಾಸವಿಲ್ಲ;
ನುಂಗಿದ ಮೇಲೂ ಒಮ್ಮೊಮ್ಮೆ ಇಲ್ಲ.
ಹಾಗಾಗಿ ನಮ್ಮ ಮನೆಯ ಪುಸ್ತಕಗಳು
ಐದನೇ ಮಹಡಿಯಿಂದ ಬುಟ್ಟಿಯಲ್ಲಿ ಕೂತು
ಹಗ್ಗ ಹಿಡಿದು ಇಳಿಯುತ್ತವೆ,
ಒದ್ದೆ ಚಾದರಗಳ ನಡುವೆ, ದ್ರಾಕ್ಷಿಬಳ್ಳಿ ಸವರಿಕೊಂಡು,
ಮೂರನೇ ಮಹಡಿಯ ಅವಳಿ ಹುಡುಗರಿಗೆ,
ಎರಡನೆಯದರಲ್ಲಿ ಹಲ್ಲಿನ ಡಾಕ್ಟರ ಮೊಮ್ಮಗಳಿಗೆ.

ಪ್ರತಿ ಪುಸ್ತಕದೊಳಗೂ ಒಂದು ಚೀಟಿ. ಇದು ಮನೆಯ ಕಾನೂನು:
ಓದಿದವರು ಬರೆಯಬೇಕು, ಸುಳ್ಳು ಬರೆಯಬಾರದು.
ನನ್ನ ಗಂಡ ಮಾಲ್ಖಾಜ ಬರೆದದ್ದು:
"ಚಿತ್ರ ಚೆನ್ನ. ನೀತಿ ಜಾಸ್ತಿ, ಉಪ್ಪು ಕಮ್ಮಿ."
ಅತ್ತೆ ಬರೆದದ್ದು ಒಂದೇ ಮಾತು: "ಅತ್ತೆ."
ತಾಮ್ತಾ, ಒಂಬತ್ತು ವರ್ಷ:
"ನಲವತ್ತೊಂದನೇ ಪುಟದಲ್ಲಿ ನಾಯಿ ಸಾಯುತ್ತದೆ.
ಮೊದಲೇ ಹೇಳಿದ್ದೇನೆ. ಆಮೇಲೆ ನನ್ನನ್ನು ಬೈಯಬೇಡಿ."
ತ್ಸೋತ್ನೆಗೆ ಬರೆಯಲು ಬಾರದು, ಪುಸ್ತಕದ ಮೂಲೆ ಕಚ್ಚುತ್ತಾನೆ;
ಹಲ್ಲಿನ ಗುರುತು ಎಷ್ಟು ಆಳವೋ ಮೆಚ್ಚುಗೆ ಅಷ್ಟು.

ನೆಲಮಹಡಿಯಲ್ಲಿ ರೊಟ್ಟಿ ಸುಡುವ ಜುಂಬೇರ
ಒಂದು ದಿನ ಹಗ್ಗ ಜಗ್ಗಿದ.
ಮೊಣಕೈವರೆಗೆ ಹಿಟ್ಟು, ಬೆಂಕಿ ತಿಂದು ಉಳಿದ ಅರ್ಧ ಹುಬ್ಬು.
"ಜೆಸ್ತಾಫೋನಿಯಲ್ಲಿ ನನ್ನ ಅಕ್ಕನ ಮಗಳಿದ್ದಾಳೆ,
ಆರು ವರ್ಷ, ಈಗಷ್ಟೇ ಅಕ್ಷರ ಕೂಡಿಸುತ್ತಿದ್ದಾಳೆ,
ದೊಡ್ಡ ಅಕ್ಷರದ್ದು ಯಾವುದಾದರೂ..."
ಇಷ್ಟು ಹೇಳುವಷ್ಟರಲ್ಲಿ
ಹಿಂದೆ ಮಣ್ಣಿನ ಒಲೆಯೊಳಗೆ ಒಂದು ರೊಟ್ಟಿ ಕರಿಯಾಯಿತು.

ತಾಮ್ತಾ ನೆಲದ ಮೇಲೆ ಪುಸ್ತಕ ಹರಡಿ ಕೂತಳು,
ಮದುವೆ ಜವಳಿ ಆರಿಸುವವರ ಹಾಗೆ.
ಇದು ಬೇಡ, ವ್ಯಂಜನಗಳ ನೂಕುನುಗ್ಗಲು.
ಇದು ಬೇಡ, ರಾಜಕುಮಾರಿ ಪೆದ್ದಿ.
ಕೊನೆಗೆ ಮೂರು ಕಾಲಿನ ನರಿಯ ಪುಸ್ತಕ ಇಳಿಯಿತು, ಪುಟಕ್ಕೆ ನಾಲ್ಕೇ ಸಾಲು.
"ನಿಮ್ಮ ಅಕ್ಕನ ಮಗಳಿಗೆ. ನರಿ ಸಾಯುವುದಿಲ್ಲ."

ಹನ್ನೆರಡು ದಿನದ ಮೇಲೆ ಮರಳಿತು, ಬಿಸಿ ರೊಟ್ಟಿಯ ಪಕ್ಕ ಕೂತು.
ಪುಟ ತಿರುವಿದರೆ
ಸಾಲಿನ ಕೆಳಗೆ ಇಂಚಿಂಚು ತೆವಳಿದ ಬಿಳಿ ಗೆರೆ;
ಏಳನೇ ಪುಟದ ಒಂದೇ ಮಾತಿನಡಿ
ಒತ್ತಿ ಒತ್ತಿ, ಹಿಟ್ಟು ಹೆಪ್ಪುಗಟ್ಟಿದ ಹೆಬ್ಬೆಟ್ಟು.
ಆರು ವರ್ಷದ ಹುಡುಗಿಯ ಹೆಬ್ಬೆಟ್ಟು,
ನನ್ನ ಎರಡು ಬೆರಳಿನಷ್ಟು ಅಗಲ.

ಮಾಲ್ಖಾಜ ಬಾಯಿ ತೆರೆದ.
ಅತ್ತೆ ಆ ಬಾಯಿಗೆ ರೊಟ್ಟಿಯ ಚೂಪು ತುದಿ ತುರುಕಿದರು.
ತಾಮ್ತಾ ತುಸು ಹೊತ್ತು ದಿಟ್ಟಿಸಿದಳು,
ಎದ್ದು ಹೋಗಿ ಪುಟಕ್ಕೆ ಆರು ಸಾಲಿನದನ್ನು ಹುಡುಕಿದಳು.

ಚಳಿಗಾಲವಿಡೀ ಹೀಗೇ. ಆರು ಸಾಲು, ಒಂಬತ್ತು,
ಆಮೇಲೆ ಚಿತ್ರವೇ ಇಲ್ಲದ ಮೊದಲ ಪುಟ.
"ನಿಮ್ಮ ಅಕ್ಕನ ಮಗಳಿಗೆ ಇಲ್ಲಿ ಅವಸರ ಬೇಡ ಅನ್ನಿ."
"ಈ ಮಾತು ನನಗೂ ಗೊತ್ತಿರಲಿಲ್ಲ, ಅವಳಿಗೆ ತಿಳಿಸಿ."
ಕೆಳಗಿನಿಂದ ಉತ್ತರವಾಗಿ ರೊಟ್ಟಿ ಮಾತ್ರ;
ಮೇಲೆ ಎಳ್ಳಿದ್ದರೆ ಬಹಳ ಹಿಡಿಸಿತೆಂದು ನಮ್ಮ ಲೆಕ್ಕ.

ಮಾರ್ಚ್ ತಿಂಗಳು, ಅಂಗಳದ ಹುಳಿ ಪ್ಲಮ್ ಮರ ಹೂ ಬಿಟ್ಟ ವಾರ,
ತ್ಸೋತ್ನೆಗೆ ಜ್ವರ. ನನಗೆ ಗಂಟಲು ಕಟ್ಟಿತ್ತು,
ಮಾಲ್ಖಾಜನಿಗೆ ರಾತ್ರಿ ಪಾಳಿ.
ಯಾರೂ ಇಳಿಬಿಡದ ಬುಟ್ಟಿಯ ಹಗ್ಗ ಅಲುಗಿತು.
ಎಳೆದರೆ, ನಮ್ಮದಲ್ಲದ ಒಂದು ಪುಸ್ತಕ,
ಸೇತುವೆ ಬಳಿಯ ಹಳೇ ಸಾಮಾನಿನ ಸಂತೆಯದು,
ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬೆಲೆ: ಐವತ್ತು ತೇತ್ರಿ.
ಲಿಫ್ಟಿನಲ್ಲಿ ಐದು ಸಲ ಮೇಲೆ ಬರಬಹುದಿತ್ತು ಆ ದುಡ್ಡಿಗೆ.
ಜೊತೆಗೆ ರೊಟ್ಟಿ ಸುತ್ತುವ ಕಾಗದದ ಚೀಟಿ,
ದಾರಿ ತಪ್ಪಿದ ಇರುವೆಗಳಂಥ ಅಕ್ಷರ, ಒಂದು ತಲೆಕೆಳಗು:

"ಮಗುವಿಗೆ. ಕರಡಿ ಒಳ್ಳೇದು. ಜೋರಾಗಿ ಓದಬೇಕು.
ನಾನು ಒಲೆಗೆ ಓದಿ ಹೇಳಿದೆ."

ತಾಮ್ತಾ ಪೆನ್ಸಿಲು ತೆಗೆದಳು,
ತಲೆಕೆಳಗಾದ ಅಕ್ಷರ ನೋಡಿದಳು,
ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ
ಬಾಲ್ಕನಿಯ ಬಾಗಿಲು ಅಗಲಕ್ಕೆ ತೆರೆದು
ಓದತೊಡಗಿದಳು, ಕೆಳಗಿನವರೆಗೂ ಕೇಳುವ ಹಾಗೆ.
ಕರಡಿ ಬಂದಾಗ ತ್ಸೋತ್ನೆ ಕೈ ಚಾಚಿದ.
ಮೂಲೆ ಕಚ್ಚಿದ.