ಮೊಲದ ಸಾಕ್ಷಿ

ಹದಿನಾಲ್ಕನೇ ನಂಬರಿನ ಮೊಲ
ಹುಟ್ಟಿದಂದಿನಿಂದ ಒಂದು ಕಾಳೂ ತಿಂದದ್ದಲ್ಲ.
ಕುದುರೆಮಸಾಲೆ ಸೊಪ್ಪು, ಕ್ಯಾರೆಟ್ಟಿನ ತುದಿ, ನನ್ನ ಬೆರಳಿನ ಉಪ್ಪು,
ಇಷ್ಟೇ ಅದಕ್ಕೆ ಗೊತ್ತಿದ್ದ ರುಚಿ.
ಆದರೂ ಮೂರು ಸಲ ಚುಚ್ಚಿದ ಮೇಲೆ
ಅದರ ನೆತ್ತರಿಗೆ ಕರಿ ಬೀನ್ಸ್ ಕಾಳಿನ ಪ್ರೋಟೀನು ಗುರುತು ಹತ್ತಿತು,
ಸಾಲ ಕೊಟ್ಟವನಿಗೆ ಸಾಲಗಾರನ ಮುಖ ಹತ್ತುವ ಹಾಗೆ.

ಟೆಸ್ಕೋಕೋದ ಈ ಲ್ಯಾಬಿನಲ್ಲಿ ನನ್ನ ಕೆಲಸ
ಕಿವಿಯ ನರ ಹುಡುಕುವುದು, ನೆತ್ತರು ಹೆಪ್ಪುಗಟ್ಟಲು ಕಾಯುವುದು,
ಮೇಲೆ ತಿಳಿಯಾಗಿ ನಿಂತ ಹಳದಿ ಸೀರಮ್ಮನ್ನು ಪಿಪೆಟ್ಟಿನಲ್ಲಿ ಎತ್ತುವುದು.
ಕಾಳು ತಂದವಳೂ ನಾನೇ,
ಕ್ವೆಟ್ಸಾಲನ್ನಿನ ಭಾನುವಾರದ ಸಂತೆಯಿಂದ,
ದೋನ್ಯಾ ಟೊಮಾಸಾ ಸಾರ್ಡೀನ್ ಡಬ್ಬಿಯಲ್ಲಿ ಅಳೆದುಕೊಟ್ಟದ್ದು:
ಕರಿಯದು, ಮಾಮೂಲು, ದಿನದ ಊಟದ್ದು;
ಕೆಂಪು ಹೂವಿನ ಅಯೊಕೋತೆ, ಹೆಬ್ಬೆರಳ ಉಗುರಿನಷ್ಟು ಅಗಲ, ನೇರಳೆ;
ಇನ್ನೊಂದು ದಪ್ಪನೆಯ ಹಳದಿ, ಮೋಡ ಮುಚ್ಚುವ ಗುಡ್ಡದಲ್ಲೇ ಬೆಳೆಯುವುದು.
"ಇದಕ್ಕೆ ಏನನ್ನುತ್ತೀರಿ?" ಎಂದೆ.
"ದಪ್ಪಂದು ಅನ್ನುತ್ತೀವಿ" ಅಂದಳು.
ಸ್ವಲ್ಪ ಹೊತ್ತು ಬಿಟ್ಟು, ಚಿಲ್ಲರೆ ಎಣಿಸುತ್ತಾ,
"ಅವೆರಡೂ ಒಂದೇ ಬೇಲಿಗೆ ಹಬ್ಬಿದ್ದವು, ಯಾವತ್ತೋ. ಇದು ಅವುಗಳದ್ದು."

ಡಾಕ್ಟರ್ ಬಾರಾಗಾನ್ ನಗಲಿಲ್ಲ, ಬರೆದುಕೊಳ್ಳಲೂ ಇಲ್ಲ.
ಅವರ ಪಟ್ಟಿಯಲ್ಲಿ ದಪ್ಪಂದು ಅಯೊಕೋತೆಯದೇ ಒಂದು ತಳಿ, ಅಷ್ಟೇ.
ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನ;
ನಾನೋ, ದಿನಾ ಬೆಳಿಗ್ಗೆ ಪಂಜರ ತೊಳೆಯುವವಳು,
ನಾಲ್ಕನ್ನೂ ಎಣಿಸಿದ್ದೇನೆ.

ಗಾಜಿನ ತಟ್ಟೆಗೆ ಅಗಾರ್ ಹೊಯ್ದು, ಆರಿದ ಮೇಲೆ
ನಡುವೆ ಒಂದು ಗುಳಿ, ಸುತ್ತ ಆರು,
ಚೆನ್ನೆಮಣೆಯನ್ನು ದುಂಡಗೆ ಬಗ್ಗಿಸಿದಂತೆ.
ನಡುವೆ ಮೊಲ. ಸುತ್ತ ಕಾಳು.
ಯಾರೂ ಯಾರನ್ನೂ ದೂಡುವುದಿಲ್ಲ.
ಜಿನುಗುತ್ತಾ ಜಿನುಗುತ್ತಾ, ಒಂದು ರಾತ್ರಿ ಒಂದು ಹಗಲು,
ಎಲ್ಲಿ ಎದುರಾಗುತ್ತವೋ ಅಲ್ಲಿ
ಹಾಲಿನ ಕೆನೆಯಷ್ಟು ತೆಳ್ಳಗೆ ಒಂದು ಬಿಳಿ ಗೆರೆ.

ಬುಧವಾರ ದೀಪದ ಪೆಟ್ಟಿಗೆಯ ಮೇಲಿಟ್ಟು ನೋಡಿದೆ.
ಕರಿಯದು ಪಕ್ಕದ ಗುಳಿಯ ಕರಿಯದರೊಡನೆ ಬಾಗಿ ಕೂಡಿತ್ತು,
ಬೆಸುಗೆ ಎಲ್ಲೆಂದು ಕಾಣದಂತೆ.
ಅಯೊಕೋತೆಯ ಗೆರೆಯೂ ದಪ್ಪದ್ದರ ಗೆರೆಯೂ ಕೂಡಿದ್ದವು,
ಆದರೆ ಕೂಡಿದಲ್ಲಿ ನಿಲ್ಲದೆ
ದಪ್ಪದ್ದರ ಕಡೆಯಿಂದ ಒಂದು ಮುಳ್ಳು, ಹುಬ್ಬಿನ ಕೂದಲಿನಷ್ಟು,
ಅಯೊಕೋತೆಯನ್ನು ದಾಟಿ ಮುಂದೆ ಚಾಚಿತ್ತು:
ನಿನ್ನಲ್ಲಿಲ್ಲದ್ದು ಒಂದು ನನ್ನಲ್ಲಿದೆ,
ಆ ಕರಿಯದರಿಂದ ಬಂದದ್ದು.

ಮುಳ್ಳನ್ನು ನೋಡುತ್ತಾ ನೆನಪಾದವಳು
ಅಪ್ಪನ ಮಣ್ಣಿಗೆ ಬಂದು ಸ್ಮಶಾನದ ಗೋಡೆಯಾಚೆಯೇ ನಿಂತಿದ್ದ ಹೆಂಗಸು.
ಅಮ್ಮ ಅವಳತ್ತ ನೋಡಲಿಲ್ಲ.
ಕಿವಿ ಥೇಟ್ ನನ್ನದೇ; ಉಳಿದದ್ದೆಲ್ಲ ಬೇರೆ ಯಾರದೋ.
ಹೆಸರು ಕೇಳಬೇಕಿತ್ತು.

ಡಾಕ್ಟರ್ ಭೂತಗನ್ನಡಿ ಹಿಡಿದರು, ತಟ್ಟೆ ತಿರುಗಿಸಿದರು, ಇಟ್ಟರು.
"ಅಗಾರ್ ಬಿರುಕು ಬಿಟ್ಟಿರಬೇಕು. ಮತ್ತೊಮ್ಮೆ ಮಾಡು."
ಮತ್ತೊಮ್ಮೆ ಮಾಡಿದೆ. ಮೂರನೇ ಸಲವೂ ಮಾಡಿದೆ.
ಮುಳ್ಳು ಅಲ್ಲೇ ಇತ್ತು.
ಮುಂದಿನ ವಾರ ಅವರು ಪೆನ್ಸಿಲಿನಲ್ಲಿ, ಅಳಿಸಲು ಬರುವಷ್ಟು ತೆಳುವಾಗಿ,
"ಭಾಗಶಃ ಒಂದೇ" ಎಂದು ಬರೆದರು.
ದೋನ್ಯಾ ಟೊಮಾಸಾಳ ಹೆಸರು ಎಲ್ಲೂ ಬರಲಿಲ್ಲ;
ಮೊಲದ ನಂಬರು ಬಂತು.

ಸಂಜೆ ಉಳಿದ ದಪ್ಪ ಕಾಳು ನೆನೆಸಿಟ್ಟು
ಒಂದನ್ನು ಹದಿನಾಲ್ಕರ ಮೂತಿಗೆ ಹಿಡಿದೆ.
ಮೂಸಿತು. ಮೀಸೆ ಅಲ್ಲಾಡಿಸಿತು.
ಮುಖ ತಿರುಗಿಸಿ ಸೊಪ್ಪಿನ ಕಡೆ ಹೋಯಿತು,
ಯಾವತ್ತೂ ಕಂಡೇ ಇಲ್ಲ ಎನ್ನುವ ಹಾಗೆ.